ಹಿಮದ ಊರಿಗೆ ಯಾವ ನೆರಳಿನ ಮರ? ಓದುಗರ ಪ್ರಶ್ನೆ, ನಮ್ಮ ಉತ್ತರ

ಅಮೆರಿಕ, ಕೆನಡಾಗಳಲ್ಲಿ ಮನೆ ಮಾಡಿಕೊಂಡಿರುವ ಓದುಗರು ಮರ ನೆಡುವ ಬಗ್ಗೆ ಕೇಳಿದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಲೇಹ್‌ನಿಂದ ಬಂದ ಒಂದು ಪ್ರಶ್ನೆಯೂ ಜೊತೆಗಿದೆ.

ಪ್ರಶ್ನೆ: ಮನೆ ಮುಂದಿದ್ದ ದೊಡ್ಡ ಆಶ್ ಮರಕ್ಕೆ ಹುಳು ಬಿದ್ದು ಕಡಿಸಬೇಕಾಯಿತು. ಅಂಗಳ ಬೋಳಾಗಿದೆ. ಚಳಿ ತಡೆದು ಬೇಗ ನೆರಳು ಕೊಡುವ ಮರ ಯಾವುದು? ನಮ್ಮದು ಈಗ ವಲಯ 5 ಅನ್ನುತ್ತಾರೆ. 5ರ ಮರ ತರಬಹುದೇ?
(ಮಿನಿಯಾಪೋಲಿಸ್ ಬಳಿಯ ಓದುಗರು)

ಉತ್ತರ: ಮೊದಲು ವಲಯದ, ಅಂದರೆ ಊರಿನ ಚಳಿಯ ಮಟ್ಟದ, ಲೆಕ್ಕ. ಸಂಖ್ಯೆ ಇಳಿದಷ್ಟೂ ಚಳಿ ಹೆಚ್ಚು; ಎ, ಬಿ ಎಂದರೆ ಒಂದೇ ವಲಯದ ಎರಡು ಅರ್ಧ. ಅಮೆರಿಕದ ಕೃಷಿ ಇಲಾಖೆಯ ನಕ್ಷೆ ಹೇಳುವುದು ಒಂದೇ ಸಂಗತಿ: ಪ್ರತಿ ವರ್ಷದ ಅತಿ ಚಳಿಯ ರಾತ್ರಿಯ ತಾಪಮಾನ ಹಿಡಿದು 30 ವರ್ಷಕ್ಕೆ ಸರಾಸರಿ ತೆಗೆದರೆ ಎಷ್ಟು ಬರುತ್ತದೆ ಎಂದು. 2023ರ ನಕ್ಷೆಗೆ 1991ರಿಂದ 2020ರವರೆಗಿನ ಅಂಕಿ ಬಳಸಿದ್ದಾರೆ. ಅದರಲ್ಲಿ ನಿಮ್ಮ ಅವಳಿ ನಗರದ (ಮಿನಿಯಾಪೋಲಿಸ್-ಸೇಂಟ್ ಪಾಲ್) ಸಾಕಷ್ಟು ಭಾಗ 4ಬಿಯಿಂದ 5ಎಗೆ ಸರಿದಿರುವುದು ನಿಜ. 5ಎ ಎಂದರೆ ಮೈನಸ್ 20ರಿಂದ ಮೈನಸ್ 15 ಡಿಗ್ರಿ ಫ್ಯಾರನ್‌ಹೀಟ್. ಆದರೆ ಅದು ಸರಾಸರಿ. 2019ರ ಜನವರಿ 30ರಂದು ಮಿನಿಯಾಪೋಲಿಸ್‌ನಲ್ಲಿ ಪಾದರಸ ಮೈನಸ್ 28ಕ್ಕೆ ಇಳಿದಿತ್ತು. ಮರ 60-70 ವರ್ಷ ನಿಲ್ಲಬೇಕಾದದ್ದು. ಅಷ್ಟರಲ್ಲಿ ಅಂಥ ರಾತ್ರಿ ನಾಲ್ಕಾರು ಬಂದೇ ಬರುತ್ತವೆ. ಹೂಗಿಡಕ್ಕೆ 5 ಇರಲಿ, ಮರಕ್ಕೆ 4 ಅಥವಾ 3 ಎಂದು ಬರೆದ ನರ್ಸರಿಯ ಚೀಟಿಯನ್ನೇ ನೋಡಿ. ಕೆನಡಾದ ನರ್ಸರಿಯ ಚೀಟಿ ಕೈಗೆ ಸಿಕ್ಕರೆ ಸಂಖ್ಯೆ ಹೋಲಿಸಬೇಡಿ. ಅಲ್ಲಿನ ವಲಯಕ್ಕೆ ಮಳೆ, ಹಿಮದ ದಪ್ಪ, ಗಾಳಿ ಎಲ್ಲ ಸೇರಿಸುತ್ತಾರೆ, ಲೆಕ್ಕವೇ ಬೇರೆ.

ವಲಯ ಮೊದಲ ಜರಡಿ ಅಷ್ಟೇ. ಅದರಲ್ಲಿ ಉಳಿದ ಮರವನ್ನು ಮಣ್ಣು, ರಸ್ತೆ ಉಪ್ಪು, ರೋಗ ಮತ್ತು ನೆಡುವ ಕೈ, ಈ ನಾಲ್ಕೂ ಮತ್ತೆ ಸೋಸುತ್ತವೆ. ಅಂಗಳದಲ್ಲಿ ಸಾಯುವ ಎಳೆ ಮರಗಳಲ್ಲಿ ಬರೀ ಚಳಿಗೆ ಸಾಯುವುದು ಕಡಿಮೆಯೇ.

ನಿಮ್ಮ ಜಾಗಕ್ಕೆ ನಮ್ಮ ಮೊದಲ ಆಯ್ಕೆ ಹ್ಯಾಕ್‌ಬೆರಿ. ವಲಯ 3ಕ್ಕೂ ಜಗ್ಗುವುದಿಲ್ಲ, ಸುಣ್ಣದ ಮಣ್ಣು, ಗಾಳಿ, ಬರ ಮೂರನ್ನೂ ತಾಳುತ್ತದೆ, ಬೆಳವಣಿಗೆಯೂ ಚುರುಕು. ಎಲೆಯ ಅಡಿಯಲ್ಲಿ ಮೊಲೆತೊಟ್ಟಿನಂಥ ಗಂಟುಗಳು ಏಳುತ್ತವೆ. ನೋಡಲು ಚೆನ್ನಾಗಿರುವುದಿಲ್ಲ ಎನ್ನುವುದು ಬಿಟ್ಟರೆ ಮರಕ್ಕೆ ಅದರಿಂದ ಹಾನಿಯಿಲ್ಲ, ಔಷಧಿ ಹೊಡೆಯಲು ಹೋಗಬೇಡಿ. ಎರಡನೆಯದು ಬರ್ ಓಕ್. ನಿಧಾನ, ಆದರೆ ಮಕ್ಕಳ ಕಾಲಕ್ಕೆ ಬೀದಿಯಲ್ಲೇ ದೊಡ್ಡ ಮರ ಅದಾಗಿರುತ್ತದೆ. ಮೂರನೆಯದು ಕೆಂಟಕಿ ಕಾಫಿಟ್ರೀ. ಹೆಸರಿಗೆ ಕಾಫಿ, ಕುಟುಂಬದಲ್ಲಿ ನಮ್ಮ ಗುಲ್‌ಮೊಹರಿನ ನೆಂಟ, ಅದರ ಹಾಗೇ ಉದ್ದ ಕಾಯಿ ಬಿಡುತ್ತದೆ. ಹಸಿ ಬೀಜ ವಿಷ. ಅಂಗಳದಲ್ಲಿ ಪುಟ್ಟ ಮಕ್ಕಳು ಆಡುವುದಾದರೆ 'ಎಸ್ಪ್ರೆಸೊ'ದಂಥ ಕಾಯಿ ಬಿಡದ ಗಂಡು ತಳಿಯನ್ನೇ ಕೇಳಿ ತನ್ನಿ. ಅದು ಚಿಗುರುವುದು ಬಹಳ ತಡ. ಮೇ ತಿಂಗಳಲ್ಲಿ ಪಕ್ಕದ ಮರಗಳೆಲ್ಲ ಹಸಿರಾಗಿ ಇದೊಂದು ಒಣಕಲಾಗಿ ನಿಂತಿದ್ದರೆ ಸತ್ತಿದೆ ಎಂದು ಕಡಿಯಬೇಡಿ.

ಎಲ್ಮ್ ಕೂಡ ಈಗ ಮತ್ತೆ ನೆಡಬಹುದಾದ ಮರ. ನಮ್ಮ ಕಡೆಯ ತಪಸಿ ಮರದ ಕುಟುಂಬದ್ದೇ ಇದು. ಡಚ್ ಎಲ್ಮ್ ರೋಗ ಹಳೆಯ ಮರಗಳನ್ನು ಬೀದಿಬೀದಿಯೇ ಬೋಳಿಸಿತು. 'ಅಕೊಲೇಡ್', 'ಪ್ರೇರಿ ಎಕ್ಸ್‌ಪೆಡಿಷನ್'ನಂಥ ತಳಿಗಳು ಆ ರೋಗಕ್ಕೆ ತಡೆ ಇರುವಂಥವು. ಬೇಗ ನೆರಳು ಬೇಕೆಂದರೆ ಇದೇ ಸರಿ. ಬೇಗ ಬೆಳೆಯುತ್ತದೆಂದು ಸಿಲ್ವರ್ ಮೇಪಲ್ ಮಾತ್ರ ಬೇಡ. ಮೆದು ಮರ, ಹಸಿ ಹಿಮದ ಭಾರಕ್ಕೆ ರೆಂಬೆ ಸಿಗಿದು ಬೀಳುತ್ತದೆ.

ಕಡಿಸಿದ ಮರದ ಬುಡವನ್ನು ಯಂತ್ರದಿಂದ ಅರೆಸಿದ್ದರೂ ಅದೇ ಗುಣಿಯಲ್ಲಿ ನೆಡಬೇಡಿ. ಹಳೆಯ ಬೇರು ಅಡ್ಡ ಸಿಗುತ್ತದೆ, ಮಣ್ಣಿಗೆ ಬೆರೆತ ಮರದ ಹೊಟ್ಟು ಕೊಳೆಯುವಾಗ ಸಾರಜನಕವನ್ನು ಎಳೆದುಕೊಂಡು ಹೊಸ ಗಿಡವನ್ನು ಹಳದಿ ಮಾಡುತ್ತದೆ. ಐದಾರು ಅಡಿಯಾದರೂ ಸರಿಯಿರಿ. ಪಕ್ಕದ ಮನೆಯವರೆಲ್ಲ ಏನು ನೆಟ್ಟಿದ್ದಾರೆಂದು ಒಮ್ಮೆ ಬೀದಿ ಸುತ್ತಿ ನೋಡಿ, ಅದನ್ನು ಬಿಟ್ಟು ಬೇರೆಯದನ್ನು ನೆಡಿ. ಎಲ್ಮ್ ಹೋದ ಜಾಗಕ್ಕೆಲ್ಲ ಆಶ್ ನೆಟ್ಟದ್ದರಿಂದಲೇ 2002ರಲ್ಲಿ ಡೆಟ್ರಾಯಿಟ್ ಬಳಿ ಪತ್ತೆಯಾದ, ಆಶ್ ಮರ ಕೊರೆಯುವ ಹಸಿರು ದುಂಬಿಗೆ ಊರೂರೇ ಔತಣವಾಯಿತು. ನಗರಗಳ ತೋಟಗಾರರು 10-20-30 ಎಂಬ ಲೆಕ್ಕ ಇಟ್ಟುಕೊಳ್ಳುತ್ತಾರೆ: ಊರಿನ ಮರಗಳಲ್ಲಿ ಒಂದೇ ಜಾತಿ ಶೇ. 10, ಒಂದೇ ಕುಲ ಶೇ. 20, ಒಂದೇ ಕುಟುಂಬ ಶೇ. 30 ಮೀರಬಾರದು.

ಪ್ರಶ್ನೆ: ಬೇಸಿಗೆಯಲ್ಲಿ ಸಂಜೆ ಹೊತ್ತು ಹಾಲ್ ಕಾದ ಕಾವಲಿಯಾಗುತ್ತದೆ. ಮನೆಯ ದಕ್ಷಿಣಕ್ಕೆ ಮರ ನೆಟ್ಟರೆ ತಂಪಾದೀತೇ?
(ಸೇಂಟ್ ಪಾಲ್‌ನ ಓದುಗರು)

ಉತ್ತರ: ದಕ್ಷಿಣಕ್ಕಲ್ಲ, ಪಶ್ಚಿಮಕ್ಕೆ ನೆಡಿ. ನೀವಿರುವುದು 45ನೇ ಅಕ್ಷಾಂಶದಲ್ಲಿ. ಜೂನ್ 21ರ ನಡುಮಧ್ಯಾಹ್ನ ಅಲ್ಲಿ ಸೂರ್ಯ ದಕ್ಷಿಣದಲ್ಲಿ ಸುಮಾರು 68 ಡಿಗ್ರಿ ಎತ್ತರದಲ್ಲಿರುತ್ತಾನೆ. ಆಗ 40 ಅಡಿ ಎತ್ತರದ ಮರದ ನೆರಳು ಬೀಳುವುದು 16 ಅಡಿ ಮಾತ್ರ. ಮನೆಯಿಂದ 20 ಅಡಿ ದೂರ ನೆಟ್ಟರೆ ಗೋಡೆಗೂ ಮುಟ್ಟುವುದಿಲ್ಲ. ಅದೇ ಡಿಸೆಂಬರ್ 21ಕ್ಕೆ ಸೂರ್ಯ ಇಪ್ಪತ್ತೊಂದೂವರೆ ಡಿಗ್ರಿಗೆ ಇಳಿದಿರುತ್ತಾನೆ, ಅದೇ ಮರದ ನೆರಳು 100 ಅಡಿ ಚಾಚುತ್ತದೆ. ಎಲೆ ಉದುರಿದ್ದರೂ ರೆಂಬೆಗಳೇ ಸಾಕಷ್ಟು ಬಿಸಿಲು ತಡೆಯುತ್ತವೆ. ಅಂದರೆ ಬೇಕಾದಾಗ ನೆರಳಿಲ್ಲ, ಬೇಡವಾದಾಗ ಉಂಟು.

ಬೇಸಿಗೆಯ ಸಂಜೆ ಬಿಸಿಲು ಬರುವುದು ಪಶ್ಚಿಮ ಮತ್ತು ವಾಯವ್ಯದಿಂದ, ಕಿಟಕಿಯ ಮಟ್ಟಕ್ಕೆ ಇಳಿದು. ಹಾಲ್‌ನ ಪಶ್ಚಿಮ ಕಿಟಕಿಯ ನೇರಕ್ಕೆ 20ರಿಂದ 35 ಅಡಿ ದೂರದಲ್ಲಿ ಅಗಲ ಹರಡುವ ಮರ ಒಂದಿದ್ದರೆ ಸಾಕು. ಬೆಳಗಿನ ಕೋಣೆಗೆ ಬೇಕಿದ್ದರೆ ಪೂರ್ವಕ್ಕೆ ಇನ್ನೊಂದು. ಮರದ ಕೆಳಗೆ ಹುಲ್ಲು ಉಳಿಯಬೇಕೆಂದರೆ ಮುಳ್ಳಿಲ್ಲದ ಹನಿಲೋಕಸ್ಟ್ ಆಗಬಹುದು. ಸಣ್ಣ ಎಲೆ, ಸೋಸಿದ ನೆರಳು, ಶರತ್ಕಾಲದಲ್ಲಿ ಗುಡಿಸುವ ಕೆಲಸವೂ ಕಡಿಮೆ. 'ನಾರ್ದರ್ನ್ ಅಕ್ಲೇಮ್' ತಳಿ ನಿಮ್ಮ ಚಳಿಗೆ ಧಾರಾಳ. ಗುಣಿ ತೆಗೆಯುವ ಮುಂಚೆ 811ಕ್ಕೆ ಫೋನ್ ಮಾಡಿ. ಮೂರ್ನಾಲ್ಕು ಕೆಲಸದ ದಿನ ಮುಂಚೆಯೇ ಹೇಳಿದರೆ ಗ್ಯಾಸ್, ಕರೆಂಟ್ ಕೊಳವೆ ಎಲ್ಲಿ ಹೋಗಿದೆ ಎಂದು ಪುಕ್ಕಟೆ ಗುರುತು ಹಾಕಿಕೊಡುತ್ತಾರೆ.

ಪ್ರಶ್ನೆ: ರಸ್ತೆ ಪಕ್ಕ ನೆಟ್ಟ 'ಆಟಮ್ ಬ್ಲೇಜ್' ಮೇಪಲ್‌ನ ಹೊಸ ಎಲೆಗಳು ಹಳದಿ, ನರ ಮಾತ್ರ ಹಸಿರು. ಗೊಬ್ಬರ ಹಾಕಿದರೂ ಸರಿಯಾಗಲಿಲ್ಲ.
(ಬ್ರಾಂಪ್ಟನ್, ಒಂಟಾರಿಯೊ)

ಉತ್ತರ: ಹೊಸ ಎಲೆಯಲ್ಲಿ ನರದ ನಡುವಿನ ಭಾಗ ಹಳದಿಯಾದರೆ ಅದು ಸಾರಜನಕದ ಕೊರತೆಯಲ್ಲ, ಮ್ಯಾಂಗನೀಸ್ ಅಥವಾ ಕಬ್ಬಿಣದ ಕೊರತೆ. ನಿಮ್ಮ ಕಡೆಯದು ಸುಣ್ಣಾಂಶದ ಜೇಡಿ. ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ) 7 ದಾಟಿದರೆ ಈ ಲೋಹಗಳು ಮಣ್ಣಿನಲ್ಲಿದ್ದರೂ ಬೇರಿಗೆ ದಕ್ಕುವುದಿಲ್ಲ. ರೆಡ್ ಮೇಪಲ್, ಅದರ ಮಿಶ್ರತಳಿಯಾದ ಆಟಮ್ ಬ್ಲೇಜ್, ಪಿನ್ ಓಕ್, ಈ ಮೂರೂ ಇದಕ್ಕೆ ಬೇಗ ಸೊರಗುತ್ತವೆ. ಗೊಬ್ಬರ ನಿಲ್ಲಿಸಿ, ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಪಿಎಚ್ ಏಳರ ಆಸುಪಾಸಿನಲ್ಲಿದ್ದರೆ ಗಂಧಕ ಹಾಕಿ ನಿಧಾನವಾಗಿ ಇಳಿಸಬಹುದು. ಏಳೂವರೆ ದಾಟಿದ ಸುಣ್ಣದ ಜೇಡಿಯಲ್ಲಿ ಗಂಧಕ ಸುರಿಯುವುದು ದುಡ್ಡು ದಂಡ. ಆ ಲೋಹಗಳನ್ನು ಕಾಂಡಕ್ಕೆ ಚುಚ್ಚಿಸಿದರೆ ಎರಡು ಮೂರು ವರ್ಷ ಹಸಿರಾಗಿರುತ್ತದೆ, ಆಮೇಲೆ ಮತ್ತೆ ಅದೇ ಪಾಡು, ಮೇಲಾಗಿ ಪ್ರತಿ ಸಲವೂ ಕಾಂಡಕ್ಕೆ ಗಾಯ.

ಜೊತೆಗೆ ರಸ್ತೆ ಉಪ್ಪೂ ಇದೆ. ಸೋಡಿಯಂ ಜೇಡಿಯ ಹೆಂಟೆ ಒಡೆದು ಮಣ್ಣನ್ನು ಗಟ್ಟಿ ಹಲಗೆ ಮಾಡುತ್ತದೆ. ನೆಲ ಕರಗಿದ ಕೂಡಲೇ, ಚಿಗುರುವ ಮುಂಚೆ, ಬುಡದ ಸುತ್ತ ಧಾರಾಳ ನೀರು ಹಾಯಿಸಿ ಉಪ್ಪನ್ನು ಕೆಳಕ್ಕೆ ತೊಳೆಯಿರಿ. ನಿಮ್ಮ ಡ್ರೈವ್‌ವೇಗೆ ಉಪ್ಪಿನ ಬದಲು ಮರಳು ಹಾಕಿ. ಮರ ಪೂರ್ತಿ ಸೊರಗಿದ್ದರೆ ಅದಕ್ಕೆ ಅಂಟಿಕೊಳ್ಳದೆ ಹನಿಲೋಕಸ್ಟ್, ಕಾಫಿಟ್ರೀ ಅಥವಾ ಗಂಡು ಗಿಂಕೊ ನೆಡುವುದು ಮೇಲು. ಮೂರೂ ಉಪ್ಪು, ಸುಣ್ಣ ಎರಡನ್ನೂ ಸಹಿಸುತ್ತವೆ. ಗಿಂಕೊ ಹೆಣ್ಣಾದರೆ ಬೀಜದ ಸಿಪ್ಪೆಯ ನಾತಕ್ಕೆ ನೆರೆಯವರು ದೂರು ಕೊಟ್ಟಾರು, ಚೀಟಿಯಲ್ಲಿ ತಳಿಯ ಹೆಸರು ನೋಡಿಯೇ ತನ್ನಿ. ಫುಟ್‌ಪಾತ್‌ಗೂ ರಸ್ತೆಗೂ ನಡುವಿನ ಪಟ್ಟಿ ಸಾಮಾನ್ಯವಾಗಿ ನಗರಸಭೆಯದು. ಕಡಿಯುವುದಿರಲಿ, ನೆಡುವುದಿರಲಿ, ಅವರನ್ನು ಕೇಳಿಯೇ ಮುಂದುವರಿಯಿರಿ.

ಪ್ರಶ್ನೆ: ಬ್ರಾಡ್‌ಫೋರ್ಡ್ ಪೇರ್ ಹೂ ಚೆಂದ, ಬೆಲೆಯೂ ಕಡಿಮೆ. ಹಾಕಬಹುದೇ?
(ಕೊಲಂಬಸ್, ಒಹಾಯೊ)

ಉತ್ತರ: ಬೇಡ. ಒಂದೇ ಬಿಂದುವಿನಿಂದ ಹತ್ತಾರು ರೆಂಬೆ ಏಳುವುದರಿಂದ ಹದಿನೈದಿಪ್ಪತ್ತು ವರ್ಷಕ್ಕೆ ಮಧ್ಯಕ್ಕೇ ಸೀಳುತ್ತದೆ. ಮೇಲಾಗಿ ನಿಮ್ಮ ರಾಜ್ಯದಲ್ಲಿ 2023ರ ಜನವರಿಯಿಂದ ಅದರ ಮಾರಾಟಕ್ಕೇ ನಿಷೇಧವಿದೆ. ಯಾರಾದರೂ ಕೊಡುತ್ತೇನೆಂದರೆ ಅಂಗಡಿಯ ಮೇಲೇ ಅನುಮಾನ ಪಡಿ.

ಪ್ರಶ್ನೆ: ಮಗ ವಿನಿಪೆಗ್‌ನಲ್ಲಿದ್ದಾನೆ. ಅಲ್ಲಿ ಮೈನಸ್ 35ರಲ್ಲೂ ಮರಗಳು ಸಾಯದೆ ನಿಲ್ಲುವುದು ಹೇಗೆ? ಹೊಂಗೆಯ ನೆರಳಿನ ಸುಖವೇ ಬೇರೆ, ಬೀಜ ಕೊಟ್ಟು ಕಳಿಸಿದರೆ ಬಂದೀತೇ?
(ಮೈಸೂರಿನ ಓದುಗರು)

ಉತ್ತರ: ಹೊಂಗೆ ಬಾರದು. ಮರದ ಬೀಜವನ್ನು ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಚೀಲದಲ್ಲಿಟ್ಟು ಕಳಿಸಿದರೆ ವಿಮಾನ ನಿಲ್ದಾಣದಲ್ಲೇ ತೊಂದರೆ.

ನಿಮ್ಮ ಮೊದಲ ಪ್ರಶ್ನೆ ಸೊಗಸಾದದ್ದು. ಹಗಲು ಚಿಕ್ಕದಾಗುತ್ತ ಬಂದ ಹಾಗೆ ಆ ಮರಗಳು ಆಗಸ್ಟ್‌ನಿಂದಲೇ ತಯಾರಿ ಶುರು ಮಾಡುತ್ತವೆ. ಬೆಳವಣಿಗೆ ನಿಲ್ಲಿಸಿ ಮೊಗ್ಗು ಮುಚ್ಚುತ್ತವೆ, ಜೀವಕೋಶಗಳಲ್ಲಿ ಸಕ್ಕರೆ ಕೂಡಿಹಾಕುತ್ತವೆ. ಚಳಿ ಏರಿದಂತೆ ಕೋಶದ ಒಳಗಿನ ನೀರು ಹೊರಕ್ಕೆ, ಕೋಶಗಳ ನಡುವಿನ ಜಾಗಕ್ಕೆ ಹೋಗಿ ಅಲ್ಲಿ ಹೆಪ್ಪುಗಟ್ಟುತ್ತದೆ. ಒಳಗೆ ಉಳಿದದ್ದು ಗಟ್ಟಿ ಪಾಕ, ಮಂಜುಗಡ್ಡೆಯ ಹರಳು ಕೋಶವನ್ನು ಸೀಳುವುದಿಲ್ಲ. ಬರ್ಚ್, ಆಸ್ಪೆನ್, ವಿಲ್ಲೋ ಪೂರ್ತಿ ಈ ದಾರಿಯವು, ಅವುಗಳಿಗೆ ಮೈನಸ್ 40 ಸೆಲ್ಸಿಯಸ್ ದಾಟಿದರೂ ಭಯವಿಲ್ಲ. ಓಕ್, ಎಲ್ಮ್, ಮೇಪಲ್‌ಗಳ ಕಾಂಡದೊಳಗಿನ ಕೆಲವು ಕೋಶಗಳಲ್ಲಿ ಮಾತ್ರ ನೀರು ಹೆಪ್ಪುಗಟ್ಟದೆ ದ್ರವವಾಗಿಯೇ ಕೆಳಗಿಳಿಯುತ್ತದೆ. ಅದಕ್ಕೊಂದು ಗಡಿಯಿದೆ: ಸುಮಾರು ಮೈನಸ್ 40. ಆ ಮಟ್ಟಕ್ಕೆ ಬಂದರೆ ನೀರು ಒಮ್ಮೆಲೇ ಹೆಪ್ಪಾಗಿ ಆ ಕೋಶಗಳು ಸಾಯುತ್ತವೆ. ವಲಯ 3ರ ತಳಮಟ್ಟವೂ ಮೈನಸ್ 40 ಎನ್ನುವುದನ್ನು ನೆನೆದರೆ, ಇನ್ನೂ ಉತ್ತರಕ್ಕೆ ಹೋದಂತೆ ಓಕ್ ಮಾಯವಾಗಿ ಬರ್ಚ್, ಆಸ್ಪೆನ್, ಸ್ಪ್ರೂಸ್ ಮಾತ್ರ ಏಕೆ ಉಳಿಯುತ್ತವೆ ಎನ್ನುವುದು ಬಹುಮಟ್ಟಿಗೆ ತಿಳಿಯುತ್ತದೆ.

ಇದರಿಂದ ನಿಮ್ಮ ಮಗನಿಗೆ ಮೂರು ಮಾತು. ಆಗಸ್ಟ್ ನಂತರ ಸಾರಜನಕ ಗೊಬ್ಬರ ಹಾಕಬಾರದು, ಮರ ಮಲಗದೆ ಚಿಗುರುತ್ತ ಕೂರುತ್ತದೆ. ದಕ್ಷಿಣದ ರಾಜ್ಯಗಳ ಬೀಜದಿಂದ ಬೆಳೆಸಿದ ರೆಡ್ ಮೇಪಲ್ ಉತ್ತರದ ಹಗಲಿನ ಲೆಕ್ಕಕ್ಕೆ ಹೊಂದುವುದಿಲ್ಲ, ಸಸಿಯ ಮೂಲ ಎಲ್ಲಿಯದೆಂದು ನರ್ಸರಿಯಲ್ಲಿ ಕೇಳಬೇಕು. ಬೇರು ಕಾಂಡದಷ್ಟು ಗಟ್ಟಿಯಲ್ಲ, ಮಣ್ಣು ಮತ್ತು ಹಿಮದ ಹೊದಿಕೆಯೇ ಅದಕ್ಕೆ ಕಂಬಳಿ. ಬಾಲ್ಕನಿಯ ಕುಂಡದಲ್ಲಿ ಇಟ್ಟ ಮರ ಅದಕ್ಕೇ ಸಾಯುವುದು.

ಪ್ರಶ್ನೆ: ಇಲ್ಲಿ ಚಳಿಗಾಲದ ಮಧ್ಯೆಯೇ ಬಿಸಿಗಾಳಿ ಬೀಸಿ ಹಿಮ ಕರಗುತ್ತದೆ, ಮರುದಿನ ಮತ್ತೆ ಮೈನಸ್ 20. ಯಾವ ಮರ ತಾಳುತ್ತದೆ?
(ಕ್ಯಾಲ್ಗರಿ)

ಉತ್ತರ: ಅದು ಚಿನೂಕ್ ಗಾಳಿ. ಅದರ ತೊಂದರೆ ಚಳಿಗಿಂತ ಒಣಗಿಸುವುದು ಮತ್ತು ಎಬ್ಬಿಸುವುದು: ನೆಲ ಹೆಪ್ಪುಗಟ್ಟಿರುವಾಗ ರೆಂಬೆಯ ತೇವ ಹೀರುತ್ತದೆ, ಮಲಗಿದ ಮೊಗ್ಗನ್ನು ಹೊತ್ತಲ್ಲದ ಹೊತ್ತಿನಲ್ಲಿ ಎಬ್ಬಿಸುತ್ತದೆ. ಅಕ್ಟೋಬರ್‌ನಲ್ಲಿ ನೆಲ ಗಟ್ಟಿಯಾಗುವ ಮುಂಚೆ ಬೇರಿಗೆ ಆಳವಾಗಿ ನೀರುಣಿಸುವುದು ಅಲ್ಲಿ ಕಡ್ಡಾಯ. ನೆರಳಿಗೆ 'ಬ್ರಾಂಡನ್' ಎಲ್ಮ್, ತಾಳ್ಮೆಯಿದ್ದರೆ ಬರ್ ಓಕ್, ಸಣ್ಣ ಅಂಗಳಕ್ಕೆ ಒಹಾಯೊ ಬಕ್‌ಐ. ಎಲ್ಮ್ ವಿಷಯದಲ್ಲಿ ಒಂದು ಎಚ್ಚರ: 'ಬ್ರಾಂಡನ್'ಗೆ ಡಚ್ ಎಲ್ಮ್ ರೋಗದ ತಡೆ ಇಲ್ಲ. ರೋಗ ಹರಡದಿರಲೆಂದೇ ಆಲ್ಬರ್ಟಾದಲ್ಲಿ ಏಪ್ರಿಲ್ 1ರಿಂದ ಸೆಪ್ಟೆಂಬರ್ 30ರವರೆಗೆ ಎಲ್ಮ್ ರೆಂಬೆ ಸವರುವಂತಿಲ್ಲ. ಸ್ವೀಡಿಷ್ ಆಸ್ಪೆನ್ ಎಲ್ಲರೂ ಮಾರುತ್ತಾರೆ, ಅದು ಕಂಬದ ಹಾಗೆ ನೆಟ್ಟಗೆ ಹೋಗುವ ಮರ. ಬೇಲಿಗೆ ಸರಿ, ನೆರಳಿಗಲ್ಲ.

2014ರ ಸೆಪ್ಟೆಂಬರ್ ಎರಡನೇ ವಾರ ನಿಮ್ಮ ಊರಿನಲ್ಲಿ ಎಲೆ ಉದುರುವ ಮುಂಚೆಯೇ ಹಸಿ ಹಿಮ ಬಿದ್ದು ಅಪಾರ ಮರ ಮುರಿದವು. ಅಲ್ಲಿ ಮರದ ಗಟ್ಟಿತನ ಎಂದರೆ ಕವಲಿನ ಗಟ್ಟಿತನವೂ ಹೌದು. ಎಳೆಯದರಲ್ಲೇ ಒಂದೇ ಮುಖ್ಯ ಕಾಂಡ ಉಳಿಸಿ, ಅದರೊಂದಿಗೆ ಪೈಪೋಟಿಗೆ ಏಳುವ ಎರಡನೆಯದನ್ನು ಕತ್ತರಿಸಿ. 'ವಿ' ಆಕಾರದ ಇಕ್ಕಟ್ಟು ಕವಲಿನ ಒಳಗೆ ತೊಗಟೆ ಸಿಕ್ಕಿಕೊಂಡು ಮರ ಬೆಸೆಯುವುದೇ ಇಲ್ಲ, ಹಿಮದ ಭಾರಕ್ಕೆ ಮೊದಲು ಬಾಯಿಬಿಡುವುದು ಅಲ್ಲೇ.

ಪ್ರಶ್ನೆ: ನೆಟ್ಟ ಲಿಂಡನ್ ಎರಡು ವರ್ಷ ಚೆನ್ನಾಗಿತ್ತು, ಮೂರನೇ ವರ್ಷ ತುದಿ ಒಣಗಿತು, ಈಗ ಅರ್ಧ ಸತ್ತಿದೆ. ಕಾಂಡದ ಸುತ್ತ ತೊಗಟೆ ಚೂರನ್ನು ಎತ್ತರವಾಗಿ ಪೇರಿಸಿದ್ದೆವು. ನೀರಿಗೇನೂ ಕೊರತೆ ಮಾಡಿಲ್ಲ.
(ನೇಪರ್‌ವಿಲ್, ಇಲಿನಾಯ್)

ಉತ್ತರ: ಕಾಂಡ ನೆಲಕ್ಕೆ ಸೇರುವ ಕಡೆ ಕೈಯಿಂದ ಕೆದಕಿ ನೋಡಿ. ಸರಿಯಾಗಿ ನೆಟ್ಟ ಮರದ ಬುಡ ಅಲ್ಲಿ ಅಗಲವಾಗಿ ಹರಡಿ ಬೇರಾಗುತ್ತದೆ. ನಿಮ್ಮದು ವಿದ್ಯುತ್ ಕಂಬದ ಹಾಗೆ ನೇರ ಮಣ್ಣೊಳಗೆ ಇಳಿದಿದ್ದರೆ ಆಳ ನೆಟ್ಟಿದ್ದಾರೆ. ಅದರ ಮೇಲೆ ಗುಡ್ಡದಂತೆ ಪೇರಿಸಿದ ಚೂರು ಕಾಂಡದ ತೊಗಟೆಯನ್ನು ಸದಾ ಒದ್ದೆಯಾಗಿಟ್ಟು ಕೊಳೆಸುತ್ತದೆ, ಆ ಚೂರಿನೊಳಗೇ ಹೊಸ ಬೇರು ಬಂದು ಕಾಂಡಕ್ಕೆ ಸುತ್ತಿಕೊಂಡು ಕತ್ತು ಹಿಸುಕುತ್ತದೆ. ತುದಿ ಒಣಗುವುದು ಅದರ ಲಕ್ಷಣ. ಚೂರೆಲ್ಲ ತೆಗೆದು, ಬೇರಿನ ಕೊರಳು (ಬುಡ ಅಗಲವಾಗುವ ಭಾಗ) ಕಾಣುವವರೆಗೆ ಮಣ್ಣು ಸರಿಸಿ, ಬೆರಳು ಗಾತ್ರದ ಸುತ್ತುಬೇರುಗಳನ್ನು ಕತ್ತರಿಸಿ. ಅರ್ಧಕ್ಕಿಂತ ಹೆಚ್ಚು ಒಣಗಿದ್ದರೆ ಹೊಸದು ನೆಡುವುದೇ ವಾಸಿ.

ಹೊಸದನ್ನು ಹೀಗೆ ನೆಡಿ. ನರ್ಸರಿಯಿಂದ ಬಂದ ಮಣ್ಣಿನ ಉಂಡೆಯ ಮೇಲ್ಭಾಗದಲ್ಲೇ ಕೊರಳು ಇರುತ್ತದೆಂದು ನಂಬಬೇಡಿ. ಎಷ್ಟೋ ಸಲ ನಾಲ್ಕಿಂಚು ಒಳಗಿರುತ್ತದೆ. ಮೇಲಿನ ಮಣ್ಣು ಕೆದಕಿ ಮೊದಲ ದಪ್ಪ ಬೇರು ಹುಡುಕಿ, ಅಲ್ಲಿಂದ ಉಂಡೆಯ ತಳದವರೆಗೆ ಅಳೆಯಿರಿ. ಗುಣಿಯ ಆಳ ಅಷ್ಟೇ, ಒಂದಿಂಚು ಕಡಿಮೆಯಾದರೂ ಸರಿ. ಅಗಲ ಮಾತ್ರ ಉಂಡೆಯ ಎರಡರಿಂದ ಮೂರು ಪಟ್ಟು. ಗುಣಿಯ ತಳ ಕೆದಕಬೇಡಿ, ಸಡಿಲ ಮಣ್ಣಿನ ಮೇಲಿಟ್ಟರೆ ಮರ ಕುಸಿಯುತ್ತದೆ. ಜೇಡಿಯಲ್ಲಿ ಸನಿಕೆ ಆಡಿಸಿದ ಪಕ್ಕಗೋಡೆ ನುಣುಪಾಗಿ ಬೇರು ದಾಟದಂತಾಗುತ್ತದೆ, ಅದನ್ನು ಗೀರಿ ಒರಟು ಮಾಡಿ. ಮೊದಲೇ ಒಂದಡಿ ಆಳದ ಕುಳಿಗೆ ನೀರು ತುಂಬಿ ನೋಡಿ: ಗಂಟೆಗೆ ಒಂದಿಂಚೂ ಇಳಿಯದಿದ್ದರೆ ಆ ಜಾಗಕ್ಕೆ ಲಿಂಡನ್ ಬೇಡ, ಪಿಎಚ್ ತೀರ ಹೆಚ್ಚಿಲ್ಲದಿದ್ದರೆ ಸ್ವಾಂಪ್ ವೈಟ್ ಓಕ್ ನೆಡಿ.

ಉಂಡೆಯನ್ನು ಗುಣಿಯಲ್ಲಿ ಕೂರಿಸಿದ ಮೇಲೆ ಹಗ್ಗ ಪೂರ್ತಿ, ತಂತಿಬುಟ್ಟಿ ಮತ್ತು ಗೋಣಿತಾಟು ಕನಿಷ್ಠ ಮೇಲಿನ ಅರ್ಧ ಕತ್ತರಿಸಿ ತೆಗೆಯಿರಿ. ಕುಂಡದ ಗಿಡವಾದರೆ ಸುತ್ತಿಕೊಂಡ ಹೊರಬೇರನ್ನು ಗರಗಸದಿಂದ ಒಂದಿಂಚು ದಪ್ಪ ಸುತ್ತಲೂ ಸವರಿಬಿಡಿ. ಮನಸ್ಸಿಗೆ ಕಷ್ಟವಾಗುತ್ತದೆ, ಆದರೂ ಮಾಡಿ. ತೆಗೆದ ಮಣ್ಣನ್ನೇ ತುಂಬಿ, ಗೊಬ್ಬರ ಬೆರೆಸಬೇಡಿ. ಹೊದಿಕೆ ಎರಡರಿಂದ ನಾಲ್ಕಿಂಚು, ಕಾಂಡಕ್ಕೆ ತಾಗದಂತೆ.

ನೀರಿನ ಅಳತೆ ಕಾಂಡದ ದಪ್ಪದ ಮೇಲೆ. ಇಂಚಿಗೆ ಒಂದರಿಂದ ಒಂದೂವರೆ ಗ್ಯಾಲನ್, ಅಂದರೆ ಎರಡಿಂಚಿನ ಗಿಡಕ್ಕೆ ಸಲಕ್ಕೆ ಏಳೂವರೆಯಿಂದ 11 ಲೀಟರ್. ಮೊದಲ ಎರಡು ವಾರ ದಿನಾ, 12ನೇ ವಾರದವರೆಗೆ ಎರಡು ಮೂರು ದಿನಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ. ಎರಡಿಂಚಿನ ಮರದ ಬೇರು ಊರಲು ಸುಮಾರು ಮೂರು ವರ್ಷ ಬೇಕು, ಅಲ್ಲಿಯವರೆಗೆ ಬಿಡುವಂತಿಲ್ಲ. ಹುಲ್ಲಿಗೆ ಚಿಮುಕಿಸುವ ಸ್ಪ್ರಿಂಕ್ಲರ್ ನೀರು ಇದರ ಲೆಕ್ಕಕ್ಕೆ ಬರುವುದಿಲ್ಲ. ಓಕ್ ನೆಟ್ಟರೆ ಏಪ್ರಿಲ್‌ನಿಂದ ಜುಲೈವರೆಗೆ ಸವರಬೇಡಿ. ಗಾಯದ ವಾಸನೆಗೆ ಬರುವ ದುಂಬಿಗಳು ಓಕ್ ವಿಲ್ಟ್ ರೋಗ ತರುತ್ತವೆ, ರೆಡ್ ಓಕ್ ಗುಂಪಿನ ಮರವಾದರೆ ಕೆಲವೇ ವಾರಗಳಲ್ಲಿ ಒಣಗಿಹೋಗುತ್ತದೆ.

ಪ್ರಶ್ನೆ: ಕೆಲಸದ ಮೇಲೆ ಲೇಹ್‌ನಲ್ಲಿದ್ದೇನೆ. ವಸತಿಗೃಹದ ಸುತ್ತ ನೆರಳು ಮಾಡಬೇಕು.
(ಲೇಹ್, ಲಡಾಖ್)

ಉತ್ತರ: ಮೂರೂವರೆ ಸಾವಿರ ಮೀಟರ್ ಎತ್ತರ, ವರ್ಷಕ್ಕೆ ಸುಮಾರು 100 ಮಿ.ಮೀ. ಮಳೆ. ಅಲ್ಲಿ ಚಳಿಗಿಂತ ನೀರೇ ಪ್ರಶ್ನೆ. ಹೊರಗಿನ ಸಸಿ ತರಿಸಬೇಡಿ. ಊರವರು ನೆಡುವ ವಿಲ್ಲೋ ಮತ್ತು ಪಾಪ್ಲರ್ ಸಾಕು. ವಸಂತದಲ್ಲಿ ಚಿಗುರುವ ಮುಂಚೆ ಕಡಿದ, ಎರಡು ಮೂರು ಮೀಟರ್ ಉದ್ದದ ಹಸಿ ಗಳುವನ್ನೇ ಕಾಲುವೆಯ ಬದಿಗೆ ಆಳವಾಗಿ ಊರುತ್ತಾರೆ, ಬೇರು ತಾನೇ ಒಡೆಯುತ್ತದೆ. ದನ, ಕತ್ತೆ ತೊಗಟೆ ಕೀಳದಂತೆ ಬುಡಕ್ಕೆ ತಗಡು ಸುತ್ತಿ. ಪಾಪ್ಲರ್ ಗಳುವನ್ನು ಗಂಡು ಮರದಿಂದ ಆರಿಸಿದರೆ ಜೂನ್‌ನಲ್ಲಿ ಹತ್ತಿ ಹಾರುವ ಕಾಟವಿಲ್ಲ.

ಪ್ರಶ್ನೆ: ಎಳೆ ಮೇಪಲ್‌ನ ಕಾಂಡ ನೈಋತ್ಯ ಬದಿಯಲ್ಲಿ ಉದ್ದಕ್ಕೆ ಸೀಳಿದೆ. ಕೆಳಗಡೆ ಮೊಲ ಕೆರೆದ ಗುರುತೂ ಇದೆ.
(ಮ್ಯಾಡಿಸನ್, ವಿಸ್ಕಾನ್ಸಿನ್)

ಉತ್ತರ: ಚಳಿಗಾಲದ ಇಳಿಬಿಸಿಲು, ಹಿಮದಿಂದ ಮರಳುವ ಬೆಳಕು ಎರಡೂ ಸೇರಿ ಆ ಬದಿಯ ತೊಗಟೆ ಬೆಚ್ಚಗಾಗಿ ಕೋಶಗಳು ಎಚ್ಚರಗೊಳ್ಳುತ್ತವೆ. ಸೂರ್ಯ ಮುಳುಗಿದ ಕೂಡಲೇ ತಾಪಮಾನ ಕುಸಿದು ಅವು ಸಾಯುತ್ತವೆ. ಸೀಳಿಗೆ ಡಾಂಬರು, ಬಣ್ಣ ಏನೂ ಬಳಿಯಬೇಡಿ, ಅಂಚಿನ ಸಡಿಲ ತೊಗಟೆ ಮಾತ್ರ ಕತ್ತರಿಸಿ ಬಿಡಿ. ಮರ ತಾನೇ ಮುಚ್ಚಿಕೊಳ್ಳುತ್ತದೆ. ಮುಂದಿನ ನವೆಂಬರ್‌ನಲ್ಲಿ ಕಾಂಡಕ್ಕೆ ಬುಡದಿಂದ ಮೊದಲ ರೆಂಬೆಯವರೆಗೆ ಬಿಳಿ ಕವಚ ಹಾಕಿ. ಕಂದು ಬಣ್ಣದ್ದು ಬಿಸಿಲು ಹೀರುತ್ತದೆ, ಬೇಡ. ತೊಗಟೆ ಒರಟಾಗುವವರೆಗೆ ಪ್ರತಿ ವರ್ಷ ಹೀಗೆ ಮಾಡಬೇಕು.

ಮೊಲ, ಇಲಿಗಳಿಗೆ ಕಾಲಿಂಚು ಕಣ್ಣಿನ ತಂತಿಬಲೆ. ಕಾಂಡದಿಂದ ಎರಡು ಮೂರಿಂಚು ಬಿಟ್ಟು ಸುತ್ತಿ, ತಳವನ್ನು ಎರಡು ಮೂರಿಂಚು ಮಣ್ಣಲ್ಲಿ ಹೂಳಿ. ಎತ್ತರ ಲೆಕ್ಕ ಹಾಕುವಾಗ ಎಲ್ಲರೂ ಎಡವುವುದು ಒಂದು ಕಡೆ: ಮೊಲ ನಿಲ್ಲುವುದು ನೆಲದ ಮೇಲಲ್ಲ, ಹಿಮದ ಮೇಲೆ. ಒಂದೂವರೆ ಅಡಿ ಹಿಮ ಬೀಳುವ ಕಡೆ ಬಲೆ ಮೂರೂವರೆ ಅಡಿ ಇರಲಿ. ಕವಚವನ್ನು ಏಪ್ರಿಲ್‌ನಲ್ಲಿ ಬಿಚ್ಚಿಡಿ, ಬಿಟ್ಟರೆ ಒಳಗೆ ತೇವ ನಿಂತು ಹುಳು ಸೇರುತ್ತದೆ. ಬಲೆ ವರ್ಷವಿಡೀ ಇದ್ದರೂ ಪರವಾಗಿಲ್ಲ, ಕಾಂಡ ದಪ್ಪವಾದ ಹಾಗೆ ಸಡಿಲಿಸುತ್ತಿರಿ.